ಕ್ರೋಮ್ ಟೆಂಪ್ಲೇಟ್ ಹಾಕಿದ್ರೂ ಗ್ರೂಪ್ ಪಾಲಿಸಿ ಒಳಗ ಯಾಕ ಕಾಣೂದಿಲ್ಲ?

ಪ್ರಶ್ನೆ: ಪುಣೆ ಭೋಸರಿ ಎಂಐಡಿಸಿಯೊಳಗ ಒಂದು ಕಂಪನಿ ಐಟಿ ನೋಡ್ಕೋತೀನ್ರಿ. ಗ್ರೂಪ್ ಪಾಲಿಸಿ, ಅಂದ್ರ ಎಲ್ಲಾ ಪಿಸಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸೋ ವಿಂಡೋಸ್ ಸೌಲಭ್ಯ, ಅದರಾಗ ಕ್ರೋಮ್ ಕಾಣ್ಲಿ ಅಂತ ಕ್ರೋಮ್‌ದ ಎಡಿಎಂಎಕ್ಸ್ ಫೈಲ್ (ಸೆಟ್ಟಿಂಗ್ ಪಟ್ಟಿ ಇರೋ ಟೆಂಪ್ಲೇಟ್) ಇಳಿಸ್ಕೊಂಡು ನನ್ನ ಪಿಸಿ ಸಿ ಡ್ರೈವ್‌ನಾಗ ವಿಂಡೋಸ್ ಒಳಗಿನ ಪಾಲಿಸಿಡೆಫಿನಿಷನ್ಸ್ ಫೋಲ್ಡರ್‌ಗೆ ಹಾಕೀನಿ, ಆದ್ರ ಗ್ರೂಪ್ ಪಾಲಿಸಿ ಎಡಿಟರ್ ತೆಗೆದ್ರ ಕ್ರೋಮ್ ಹೆಸರೇ ಇಲ್ಲ. ಎಲ್ಲಾ ಪಿಸಿಗೂ ಹೋಗಿ ಹಾಕ್ಬೇಕೇನು?

ಉತ್ತರ: ಹಂಗ ಓಡಾಡಬ್ಯಾಡ್ರಿ. ನಿಮ್ಮಕ್ಕಿಂತ ಮೊದಲಿದ್ದವ್ರು ಡೊಮೇನ್‌ನಾಗ (ಕಂಪನಿ ಪಿಸಿಗಳನ್ನ ಕೂಡಿಸಿ ನೋಡ್ಕೊಳ್ಳೋ ನೆಟ್‌ವರ್ಕ್) ಸೆಂಟ್ರಲ್ ಸ್ಟೋರ್, ಅಂದ್ರ ಎಲ್ಲಾ ಟೆಂಪ್ಲೇಟ್ ಒಂದೇ ಕಡೆ ಇಡೋ ಫೋಲ್ಡರ್, ಮಾಡಿಟ್ಟಿರ್ಬೇಕು. ಅದು ಒಮ್ಮೆ ಇತ್ತಂದ್ರ ಎಡಿಟರ್ ಅಲ್ಲಿಂದಷ್ಟೇ ಓದ್ತದ, ನಿಮ್ಮ ಪಿಸಿ ಫೋಲ್ಡರ್ ಕಡೆ ಹೊಳ್ಳಿ ಸೈತ ನೋಡೂದಿಲ್ಲ, ಎರಡೂ ಕೂಡಿಸಿ ತೋರಿಸ್ತದ ಅಂತ ಭಾಳ ಮಂದಿ ತಿಳ್ಕೊಂಡಿರ್ತಾರ, ಅದು ತಪ್ಪು. ಖಾತ್ರಿ ಮಾಡ್ಕೋಬೇಕಂದ್ರ ಎಡಿಟರ್‌ನಾಗ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್ ಅನ್ನೋ ಸಾಲು ಪೂರ್ತಿ ಓದ್ರಿ, ಸೆಂಟ್ರಲ್ ಸ್ಟೋರ್‌ನಿಂದ ತಂದದ್ದೋ ಲೋಕಲ್ ಕಂಪ್ಯೂಟರ್‌ನಿಂದ ತಂದದ್ದೋ ಅಂತ ಅಲ್ಲೇ ಬರದಿರ್ತದ.

ಸ್ಟೋರ್ ಇರೋದು ಡೊಮೇನ್‌ದ ಸಿಸ್‌ವಾಲ್ ಅನ್ನೋ, ಸರ್ವರ್‌ನಾಗಿನ ಶೇರ್ ಮಾಡಿದ ಫೋಲ್ಡರ್ ಒಳಗ, ಪಾಲಿಸೀಸ್ ಫೋಲ್ಡರ್‌ನಾಗಿನ ಪಾಲಿಸಿಡೆಫಿನಿಷನ್ಸ್. ಎಡಿಎಂಎಕ್ಸ್ ಅಲ್ಲಿ ಹಾಕ್ರಿ, ಅದರ ಜೋಡಿ ಎಡಿಎಂಎಲ್ ಫೈಲ್ ಅಲ್ಲೇ ಇರೋ ಇಎನ್-ಯುಎಸ್ ಫೋಲ್ಡರ್‌ಗೆ ಹಾಕ್ರಿ, ಹೆಸರು ವಿವರಣೆ ಎಲ್ಲಾ ಇರೋದು ಎಡಿಎಂಎಲ್‌ನಾಗ, ಅದನ್ನ ಬಿಟ್ರ ಎಡಿಟರ್ ತೆಗೆದ ಕೂಡ್ಲೇ ಎರರ್ ಬರ್ತದ. ಕ್ರೋಮ್‌ಗ ಇನ್ನೊಂದು ಅದ: ಕ್ರೋಮ್ ಡಾಟ್ ಎಡಿಎಂಎಕ್ಸ್ ಒಂದೇ ಸಾಲೂದಿಲ್ಲ, ಕೂಡೇ ಬರೋ ಗೂಗಲ್ ಡಾಟ್ ಎಡಿಎಂಎಕ್ಸ್ ಸುದ್ದಾ ಬೇಕು. ಮುಂಬೈ ಬ್ರಾಂಚ್‌ನಾಗ ಅದೇ ಡೊಮೇನ್‌ದ ಡಿಸಿ (ಡೊಮೇನ್ ಕಂಟ್ರೋಲರ್, ಡೊಮೇನ್ ನಡೆಸೋ ಸರ್ವರ್) ಇದ್ರ ಅಲ್ಲಿಗೆ ರೆಪ್ಲಿಕೇಶನ್‌ನಾಗ, ಅಂದ್ರ ಸರ್ವರ್‌ನಿಂದ ಸರ್ವರ್‌ಗೆ ಕಾಪಿ ಆಗಿ, ತಾನೇ ಹೋಗ್ತದ.

ಇನ್ನ ಮಂದಿ ಪಿಸಿಗೆ ಟೆಂಪ್ಲೇಟ್ ಬೇಕಾಗೂದೇ ಇಲ್ರಿ. ಟೆಂಪ್ಲೇಟ್ ಅನ್ನೋದು ನಮಗ ಸೆಟ್ಟಿಂಗ್ ತೋರಿಸ್ಲಿಕ್ಕೆ ಮಾತ್ರ, ನೀವು ಆರಿಸಿದ್ದು ಜಿಪಿಒ (ಸೆಟ್ಟಿಂಗ್ ಕೂಡಿಸಿಟ್ಟ ಗ್ರೂಪ್ ಪಾಲಿಸಿ ಕಟ್ಟು) ಒಳಗ ರಿಜಿಸ್ಟ್ರಿ ಡಾಟ್ ಪಾಲ್ ಅನ್ನೋ ಫೈಲ್‌ನಾಗ ಕೂಡ್ತದ, ಪಿಸಿಗಳು ಓದೋದು ಅದನ್ನ. ಮಾಮೂಲಾಗಿ 90 ನಿಮಿಷಕ್ಕೊಮ್ಮೆ ಓದ್ತಾವ, ಅದರ ಮ್ಯಾಲೆ 0ರಿಂದ 30 ನಿಮಿಷ ಹೆಚ್ಚಿಗೆ ಹಿಡೀಬಹುದು. ಅವಸರ ಇದ್ರ ಒಂದು ಪಿಸಿಯೊಳಗ ಜಿಪಿಅಪ್‌ಡೇಟ್ ಫೋರ್ಸ್ ಅನ್ನೋ ಕಮಾಂಡ್ ಹೊಡದು ನೋಡ್ರಿ. ಇದಕ್ಕೇ ಸ್ಟೋರ್‌ನಿಂದ ಟೆಂಪ್ಲೇಟ್ ಅಳಿಸಿದ್ರ ಸೆಟ್ಟಿಂಗ್ ಹೋಗ್ತದ ಅನ್ಕೋಬ್ಯಾಡ್ರಿ, ಅದು ನಡೀತಾನೇ ಇರ್ತದ, ಜಿಪಿಒ ರಿಪೋರ್ಟ್‌ನಾಗ ಎಕ್ಸ್‌ಟ್ರಾ ರಿಜಿಸ್ಟ್ರಿ ಸೆಟ್ಟಿಂಗ್ಸ್ ಅಂತ ಹೆಸರಿಲ್ಲದ ಸಾಲಾಗಿ ಕಾಣಿಸ್ತದ ಅಷ್ಟೇ, ಮುಂದ ಬಂದವ್ರಿಗೆ ಅದು ಏನಂತ ತಿಳಿಯೂದಿಲ್ಲ.

ವಿಸ್ಟಾಕ್ಕಿಂತ ಮೊದಲಿನ ಎಡಿಎಂ ಅನ್ನೋ ಹಳೇ ಟೆಂಪ್ಲೇಟ್ ಫೈಲ್ ಕಾಲದಾಗ ಒಂದೊಂದು ಜಿಪಿಒಗೂ ಟೆಂಪ್ಲೇಟ್ ಕಾಪಿ ಆಗಿ ಸಿಸ್‌ವಾಲ್ ಉಬ್ತಿತ್ತು, ಆ ತ್ರಾಸು ಈಗಿಲ್ಲ.

ಆದ್ರ ಹೊಸ ವಿಂಡೋಸ್ ಟೆಂಪ್ಲೇಟ್ ಬಂತಂತ ಸ್ಟೋರ್ ಮ್ಯಾಲೆ ಹಂಗೇ ಸುರೀಬ್ಯಾಡ್ರಿ. 2015ರಾಗ ವಿಂಡೋಸ್ 10 ಬಂದಾಗ ಲೊಕೇಶನ್‌ಪ್ರೊವೈಡರ್‌ಎಡಿಎಂ ಅನ್ನೋ ಫೈಲ್ ಹೆಸರು ಬದಲಾಗಿತ್ತು, ಹಳೇದೂ ಹೊಸದೂ ಎರಡೂ ಸ್ಟೋರ್‌ನಾಗ ಉಳದು, ನೇಮ್‌ಸ್ಪೇಸ್ (ಟೆಂಪ್ಲೇಟ್‌ದ ಒಳಗಿನ ಗುರುತಿನ ಹೆಸರು) ಮೊದಲೇ ಅದ ಅಂತ ಎಡಿಟರ್ ಎರರ್ ಕೊಡ್ತಿತ್ತು, ಹಳೇ ಫೈಲ್ ತೆಗೀಬೇಕಾಯ್ತು. ಅದಕ್ಕ ಕ್ರೋಮ್ ಫೈಲ್ ಹಾಕೋಕ್ಕಿಂತ ಮೊದಲೂ ಇಡೀ ಪಾಲಿಸಿಡೆಫಿನಿಷನ್ಸ್ ಫೋಲ್ಡರ್ ಒಂದು ಕಾಪಿ ಸಿಸ್‌ವಾಲ್ ಹೊರಗ, ತಾರೀಖು ಹಾಕಿ ಇಟ್ಕೊಳ್ರಿ.