ಕಸಿ ಚಾಕುವಿನ ಜೊತೆಗೆ ಇನ್ನೊಂದು ಚಾಕು: ಆರಿಸುವ, ಇಟ್ಟುಕೊಳ್ಳುವ ಬಗೆ

ಮಾವಿನ ಕಸಿ ಕಲಿಯಲು ಬರುವವರು ಮೊದಲು ಕೇಳುವುದೇ ಯಾವ ಕಸಿ ಚಾಕು ಕೊಳ್ಳಬೇಕು ಅಂತ. ಅದಕ್ಕೆ ಉತ್ತರ ಕೋಲಾರ ಜಿಲ್ಲೆಯ ಯಾವ ನರ್ಸರಿಯಲ್ಲಾದರೂ ಸಿಗುತ್ತದೆ. ಅದರ ಜೊತೆಗಿರಬೇಕಾದ ಎರಡನೇ ಚಾಕು ಎಂಥದ್ದು, ಅದನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳಬೇಕು ಎಂದು ಕೇಳುವವರು ಕಡಿಮೆ. ಈ ಟಿಪ್ಪಣಿ ಅದರದ್ದು. ಕಸಿ ಚಾಕುವಿನ ಬಾಳಿಕೆ ಅದರ ಉಕ್ಕಿಗಿಂತ ಹೆಚ್ಚಾಗಿ ಇನ್ನೊಂದು ಜೇಬಿನಲ್ಲಿರುವ ಚಾಕುವಿನ ಮೇಲೆ ನಿಂತಿದೆ ಎಂದು ನಾನು ನಂಬುತ್ತೇನೆ. ಯಾಕೆಂದು ಮೊದಲು ನೋಡೋಣ.

ಒಂದೇ ಚಾಕು ಯಾಕೆ ಸಾಲದು

ಶ್ರೀನಿವಾಸಪುರದ ಕಡೆ ಮೃದುಕಾಂಡ ಕಸಿಯ (ಎಳೆಯ ಸಸಿಯ ಮೆತ್ತಗಿನ ಕಾಂಡಕ್ಕೆ ಬೇಕಾದ ಮರದ ಕಡ್ಡಿ ಬೆಸೆಯುವ) ಕೆಲಸ ಜೋರಾಗುವುದು ಮುಂಗಾರು ಹಿಡಿದ ಮೇಲೆ, ಗಾಳಿಯಲ್ಲಿ ತೇವ ಇರುವ ದಿನಗಳಲ್ಲಿ. ಆರಿಸಿದ ತಾಯಿಮರದ ಕೊಂಬೆಯ ಎಲೆಗಳನ್ನು ವಾರ ಹತ್ತು ದಿನ ಮೊದಲೇ ತೆಗೆದಿರುತ್ತಾರೆ. ತುದಿಮೊಗ್ಗು ಉಬ್ಬಿದ ಕಡ್ಡಿಯನ್ನು 10ರಿಂದ 15 ಸೆಂ.ಮೀ. ಉದ್ದಕ್ಕೆ ತೆಗೆದು, ಅದರ ಕೆಳತುದಿಯನ್ನು ಎರಡೂ ಬದಿಯಿಂದ 3–4 ಸೆಂ.ಮೀ. ಬೆಣೆಯಂತೆ ಹೆರೆಯಬೇಕು. ಬೇರುಸಸಿಯ, ಅಂದರೆ ಕಡ್ಡಿ ಕೂರಿಸಬೇಕಾದ ಬೇರಿರುವ ಸಸಿಯ, ತಲೆ ಕತ್ತರಿಸಿ, ನಡುವೆ ಅಷ್ಟೇ ಆಳಕ್ಕೆ ಸೀಳಿ, ಬೆಣೆ ಕೂರಿಸಿ, ಪಾಲಿಥಿನ್ ಪಟ್ಟಿ ಬಿಗಿಯಾಗಿ ಸುತ್ತಿದರೆ ಕೈಕೆಲಸ ಮುಗಿಯಿತು. ಉಳಿದದ್ದು ಗಿಡದ ಕೆಲಸ.

ಗಿಡ ತನ್ನ ಕೆಲಸ ಮಾಡಬೇಕಾದರೆ ತೊಗಟೆಗೂ ಮರಕ್ಕೂ ನಡುವೆ ಇರುವ ಕ್ಯಾಂಬಿಯಂ ಪದರಗಳು ಒಂದಕ್ಕೊಂದು ತಾಗಬೇಕು. ಆ ಪದರ ಕೆಲವೇ ಜೀವಕೋಶಗಳಷ್ಟು ತೆಳು. ಹೆರೆದ ಮುಖ ಸ್ವಲ್ಪ ಅಲೆಯಲೆಯಾಗಿದ್ದರೂ ನಡುವೆ ಗಾಳಿ ಉಳಿಯುತ್ತದೆ, ಹೊಸ ಜೀವಕೋಶಗಳು ಬೆಳೆದು ಬೆಸೆಯುವ ಮೊದಲೇ ಕಡ್ಡಿ ಒಣಗುತ್ತದೆ. ಅದಕ್ಕಾಗಿಯೇ ಕಸಿ ಚಾಕುವಿನ ಅಲಗಿಗೆ ಒಂದೇ ಬದಿಯಲ್ಲಿ ಇಳಿಜಾರು, ಇನ್ನೊಂದು ಬದಿ ಪೂರ್ತಿ ಚಪ್ಪಟೆ. ಚಪ್ಪಟೆ ಬದಿ ಕಡ್ಡಿಗೆ ಒರಗಿಕೊಂಡು ಜಾರುವುದರಿಂದ ಒಂದೇ ಎಳೆತಕ್ಕೆ ಮುಖ ನುಣುಪಾಗಿ ಬರುತ್ತದೆ. ಎಡಗೈ ರೂಢಿಯವರಿಗೆ ಇಳಿಜಾರು ಎದುರು ಬದಿಗಿರುವ ಚಾಕು ಬೇಕು. ಬಲಗೈಯವರದ್ದನ್ನೇ ಹಿಡಿದು ಒದ್ದಾಡಬೇಡಿ.

ಇಂಥ ಅಲಗು ಬಹಳ ತೆಳು. ಕೆಮ್ಮಣ್ಣು ಮೆತ್ತಿದ ಗೊಬ್ಬರದ ಚೀಲವನ್ನು ಅದರಿಂದ ಒಂದು ಸಲ ಕೊಯ್ದರೆ ಸಾಕು. ನಮ್ಮ ಕಡೆಯ ಮಣ್ಣು ಹಳೆಯ ಗ್ರಾನೈಟ್, ನೈಸ್ (gneiss) ಬಂಡೆಗಳು ಸವೆದು ಆದದ್ದು, ಅದರ ತುಂಬ ಬೆಣಚುಕಲ್ಲಿನ ಹರಳು. ಮೋಸ್ ಗಡಸುತನದ ಅಳತೆಯಲ್ಲಿ ಬೆಣಚು 7. ಹದ ಹಾಕಿದ ಸಾಮಾನ್ಯ ಚಾಕುವಿನ ಉಕ್ಕು ಅದಕ್ಕಿಂತ ಕೆಳಗೆ. ಅಂದರೆ ಪ್ರತಿ ಹರಳೂ ಅಲಗಿನ ಬಾಯಿಯಲ್ಲಿ ಗೀರು ಎಳೆಯುತ್ತದೆ. ಕಣ್ಣಿಗೆ ಕಾಣಿಸದಿದ್ದರೂ ಹೆಬ್ಬೆರಳ ಉಗುರಿನ ಮೇಲೆ ಅಲಗನ್ನು ಮೆಲ್ಲಗೆ ಇಟ್ಟು ಎಳೆದು ನೋಡಿ, ಎಲ್ಲಿ ಮುಕ್ಕಾಗಿದೆಯೋ ಅಲ್ಲಿ ತಡೆಯುತ್ತದೆ. ಮುಂದಿನ ಕಡ್ಡಿ ಹೆರೆದಾಗ ಆ ಮುಕ್ಕು ಮುಖದ ಉದ್ದಕ್ಕೂ ಒಂದು ಗೆರೆಯಾಗಿ ಮೂಡಿರುತ್ತದೆ. ನರ್ಸರಿಯಲ್ಲಿ ಪಳಗಿದ ಅಕ್ಕಂದಿರು ಹೊಸಬರ ಕೈಲಿ ಕಸಿ ಚಾಕು ಚೀಲದ ಕಡೆ ಹೋದದ್ದು ಕಂಡರೆ ಕೂಡಲೇ ತಡೆಯುತ್ತಾರೆ: "ಅದನ್ನ ಒಳಗಿಡಪ್ಪಾ, ಆ ಹಳದಿ ಹಿಡಿಯ ಚಾಕು ತಗೋ."

ಇನ್ನೊಂದು ಕಾರಣ ರೋಗ. ದಾಳಿಂಬೆಯ ದುಂಡಾಣು ಅಂಗಮಾರಿ ಸವರುವ ಉಪಕರಣಗಳ ಮೂಲಕ ಗಿಡದಿಂದ ಗಿಡಕ್ಕೆ ದಾಟುತ್ತದೆ. ಆಲೂಗಡ್ಡೆಯ ಬಿತ್ತನೆ ಗೆಡ್ಡೆ ಕೊಯ್ಯುವಾಗ ದುಂಡಾಣು ಸೊರಗು ರೋಗ ಚಾಕುವಿನ ಮೇಲೆಯೇ ಸವಾರಿ ಮಾಡುತ್ತದೆ. ಟೊಮೇಟೊ ಸಸಿ ಮುಟ್ಟುವವರಿಗೆ ಹೊಗೆಸೊಪ್ಪಿನ ವಿಷಯವೂ ಗೊತ್ತಿರಬೇಕು. ತಂಬಾಕಿನ ಮೊಸಾಯಿಕ್ ವೈರಸ್ ಒಣಗಿಸಿ ಹದ ಮಾಡಿದ ಎಲೆಯಲ್ಲೂ ಜೀವ ಹಿಡಿದಿರುತ್ತದೆ, ಕೈಯಿಂದ, ಚಾಕುವಿನಿಂದ ಟೊಮೇಟೊಗೆ ಹೋಗುತ್ತದೆ. ಎಲೆ-ಅಡಿಕೆಯ ಸಂಚಿಯಲ್ಲಿ ಹೊಗೆಸೊಪ್ಪಿನ ಜೊತೆ ಚಾಕು ಸಿಕ್ಕಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಎರಡನೇ ಚಾಕು ಅಲ್ಲಿರಲಿ, ಅಡ್ಡಿಯಿಲ್ಲ. ಕಸಿ ಚಾಕು ಮಾತ್ರ ಆ ಸಂಚಿಗೆ ಹೋಗಬಾರದು.

ಹಾಗಾಗಿ ನಿಯಮ ಸರಳ. ಕಸಿ ಚಾಕು ಮುಟ್ಟುವುದು ಎರಡನ್ನೇ, ಕಸಿಕಡ್ಡಿ ಮತ್ತು ಬೇರುಸಸಿ. ಚೀಲ, ಹುರಿ, ಡ್ರಿಪ್ ಪೈಪ್, ರಟ್ಟಿನ ಪೆಟ್ಟಿಗೆ, ಮಧ್ಯಾಹ್ನದ ಈರುಳ್ಳಿ, ಸೌತೆಕಾಯಿ ಎಲ್ಲವೂ ಎರಡನೆಯದಕ್ಕೆ. ಪಾಲಿಥಿನ್ ಪಟ್ಟಿಯನ್ನೂ ಎರಡನೆಯದರಲ್ಲೇ ಕತ್ತರಿಸಿ. ಪಟ್ಟಿ ಮೆತ್ತಗೇ ಇದ್ದರೂ ಅದರ ಸುರುಳಿ ನೆಲದ ಮೇಲೆ ಉರುಳಾಡಿ ಬಂದಿರುತ್ತದೆ.

ಆರಿಸುವಾಗ

ಎರಡನೇ ಚಾಕು ಒರಟು ಕೆಲಸಕ್ಕೆ ಎಂದ ಮಾತ್ರಕ್ಕೆ ಕಳಪೆಯದ್ದಾಗಬೇಕಿಲ್ಲ. ಕಳಪೆಯದ್ದಾದರೆ ನಾಲ್ಕು ದಿನದಲ್ಲಿ ಮೊಂಡಾಗುತ್ತದೆ, ಆಮೇಲೆ ಕೈ ತಾನಾಗಿ ಹರಿತವಾಗಿರುವ ಕಸಿ ಚಾಕುವಿನ ಕಡೆಗೇ ಹೋಗುತ್ತದೆ. ಅಲ್ಲಿಗೆ ಎರಡು ಚಾಕು ಇಟ್ಟುಕೊಂಡ ಉದ್ದೇಶವೇ ಮುಗಿಯಿತು. ನಾನು ನೋಡುವುದು ಇದನ್ನೇ: ಬೇಗ ಸಾಣೆಗೆ ಬರಬೇಕು, ನೆನೆದರೂ ತುಕ್ಕು ಹಿಡಿಯಬಾರದು, ಒಂದು ಕೈಗೆ ಕೆಲಸವಿದ್ದರೂ ಇನ್ನೊಂದರಲ್ಲಿ ಭದ್ರವಾಗಿ ಕೂರಬೇಕು.

ತುಕ್ಕಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಬನ್ ಉಕ್ಕು ಹರಿತಕ್ಕೆ ಒಳ್ಳೆಯದು, ಕಸಿ ಚಾಕು ಅದರದ್ದಾಗಿದ್ದರೆ ಸಂತೋಷ. ಆದರೆ ಮಾವಿನ ತೊಗಟೆಯಲ್ಲಿ, ಕಾಯಿಯಲ್ಲಿ ಇರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಅಲಗನ್ನು ನೀಲಿಗಪ್ಪು ಮಾಡುತ್ತದೆ. ಮಾವಿನ ಸೊನೆ ಹುಳಿ ಸ್ವಭಾವದ್ದು, ಒರೆಸದೆ ಬಿಟ್ಟರೆ ಅಲಗಿನಲ್ಲಿ ಗುಳಿ ಬೀಳುತ್ತದೆ. ಕಸಿ ಚಾಕುವನ್ನು ಮೇಲಿಂದ ಮೇಲೆ ಒರೆಸುತ್ತಲೇ ಇರುತ್ತೇವೆ, ಎರಡನೆಯದಕ್ಕೆ ಆ ಉಪಚಾರ ಸಿಗುವುದಿಲ್ಲ. ಅದು ಸ್ಟೇನ್‌ಲೆಸ್ ಇರಲಿ. ಉಕ್ಕಿನ ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 55–56ರ ಆಸುಪಾಸಿನ ಸ್ಟೇನ್‌ಲೆಸ್ ಉಕ್ಕು, ಸ್ವಿಸ್ ಚಾಕು ಕಂಪನಿ ವಿಕ್ಟೋರಿನಾಕ್ಸ್ ಬಳಸುವಂಥದ್ದು, ಬಹಳ ಗಡಸಲ್ಲ. ಆದ್ದರಿಂದಲೇ ಸಾಮಾನ್ಯ ಸಾಣೆಕಲ್ಲಿಗೆ ಬೇಗ ಒಗ್ಗುತ್ತದೆ. ಇದಕ್ಕಿಂತ ಗಡಸು ಉಕ್ಕಿನ ದುಬಾರಿ ಚಾಕುಗಳು ಹರಿತ ಹೆಚ್ಚು ಕಾಲ ಹಿಡಿದುಕೊಳ್ಳುತ್ತವೆ, ನಿಜ. ಬೆಣಚು ತುಂಬಿದ ಮಣ್ಣಿನಲ್ಲಿ ಕೆಲಸ ಮಾಡುವವರಿಗೆ ಬೇಗ ಸಾಣೆಗೆ ಬರುವುದೇ ದೊಡ್ಡ ಅನುಕೂಲ ಅನ್ನುವುದು ನನ್ನ ಅಭಿಪ್ರಾಯ.

ಅಲಗಿನ ಉದ್ದ 7ರಿಂದ 8.5 ಸೆಂ.ಮೀ. ಸಾಕು. ಫ್ರಾನ್ಸಿನ ಒಪಿನೆಲ್ ಕಂಪನಿಯ 8ನೇ ನಂಬರಿನ ಮಡಚುವ ಚಾಕುವಿನ ಅಲಗು 8.5 ಸೆಂ.ಮೀ., ತೂಕ 50 ಗ್ರಾಂ ಒಳಗೆ, ಹಗುರ. ಅದರ ಹಿಡಿ ಬೀಚ್ ಮರದ್ದು. ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಹೊರಬರಲು ಮೊಂಡಾಟ ಮಾಡುತ್ತದೆ. ನಮ್ಮ ಕಸಿ ಕೆಲಸ ಮಳೆಗಾಲದ್ದೇ ಆದ್ದರಿಂದ ಪ್ಲಾಸ್ಟಿಕ್ ಹಿಡಿಯೇ ವಾಸಿ.

ಲಾಕ್ ಬಗ್ಗೆ ಹೊಸಬರಿಗೆ ಗೊಂದಲ ಜಾಸ್ತಿ. ಮಡಚುವ ಚಾಕುಗಳಲ್ಲಿ ಕೆಲವಕ್ಕೆ ಹಿಂದೆ ಸ್ಪ್ರಿಂಗ್ ಪಟ್ಟಿ ಮಾತ್ರ ಇರುತ್ತದೆ. ಅಲಗು ಬಿಗಿಯಾಗಿ ನಿಲ್ಲುತ್ತದೆ, ಆದರೆ ಬೆನ್ನಿನ ಮೇಲೆ ಒತ್ತಿದರೆ ಮಡಚಿಕೊಳ್ಳುತ್ತದೆ. ಎಳೆದು ಕೊಯ್ಯುವ ಕೆಲಸಕ್ಕೆ ಇದು ಸಾಕು. ಆದರೆ ಡ್ರಿಪ್ ಪೈಪಿಗೆ ತೂತು ಕೊರೆಯುವಾಗ, ಚೀಲದ ಹೊಲಿಗೆಗೆ ಮೊನೆ ಚುಚ್ಚಿ ಬಿಚ್ಚುವಾಗ ಒತ್ತಡ ತಿರುಗಿ ಬೆರಳಿನ ಮೇಲೆ ಬೀಳುತ್ತದೆ. ಇಂಥ ಕೆಲಸವೆಲ್ಲ ಎರಡನೇ ಚಾಕುವಿನದೇ ಆದ್ದರಿಂದ ಲಾಕ್ ಇರುವುದನ್ನೇ ತೆಗೆದುಕೊಳ್ಳಿ. ಒಳಗಿನ ತಗಡು ಬಂದು ಅಲಗಿನ ಬುಡಕ್ಕೆ ಒರಗುವ ಬಗೆ ಆಗಬಹುದು, ಬೆನ್ನಿನ ಮೇಲೆ ಒತ್ತಿ ಬಿಡಿಸುವ ಬಗೆ ಆಗಬಹುದು, ಉಂಗುರ ತಿರುಗಿಸುವುದೂ ಆಗಬಹುದು. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಅಲಗು ಬಿಚ್ಚಿ, ಬೆರಳುಗಳನ್ನು ಅದು ಮಡಚುವ ದಾರಿಯಿಂದ ಪೂರ್ತಿ ಹೊರಗಿಟ್ಟು, ಬೆನ್ನನ್ನು ಮರದ ಮೇಜಿಗೆ ಮೆಲ್ಲಗೆ ತಟ್ಟಿ. ಲಾಕ್ ಸಡಿಲಿದರೆ ಅಲ್ಲೇ ವಾಪಸ್ ಕೊಡಿ. ಒಳಗೆ ಮಣ್ಣು ಸೇರಿದರೂ ಲಾಕ್ ಪೂರ್ತಿ ಕೂರುವುದಿಲ್ಲ. ಅದಕ್ಕೇ ಎದುರು ಬೆಳಕಿಗೆ ಹಿಡಿದರೆ ಆಚೆ ಕಾಣುವ, ನೀರು ಹಾಯಿಸಿ ತೊಳೆಯಲು ಬರುವ ಹಿಡಿ ಒಳ್ಳೆಯದು.

ಬಣ್ಣದ ಮಾತು ಚಿಕ್ಕದಾದರೂ ಮುಖ್ಯ. ಅಂಗಡಿಯಲ್ಲಿ ಕೆಂಪು ಹಿಡಿ ಎದ್ದು ಕಾಣುತ್ತದೆ, ಕೆಮ್ಮಣ್ಣಿನ ಮೇಲೆ ಬಿದ್ದರೆ ಕಾಣುವುದಿಲ್ಲ. ಹಸಿರು ಹುಲ್ಲಿನಲ್ಲಿ ಮಾಯ, ಕಪ್ಪು ನೆರಳಿನಲ್ಲಿ ಮಾಯ. ಹಳದಿ ಅಥವಾ ನೀಲಿ ಇಲ್ಲಿಗೆ ಸರಿ. ಇಲ್ಲದಿದ್ದರೆ ಇನ್ಸುಲೇಶನ್ ಟೇಪನ್ನು ಎರಡು ಸುತ್ತು ಸುತ್ತಿದರೂ ಆಯಿತು, ಒದ್ದೆ ಕೈಗೆ ಹಿಡಿತವೂ ಸಿಗುತ್ತದೆ.

ಇಟ್ಟುಕೊಳ್ಳುವ ಜಾಗ

ಎರಡೂ ಚಾಕು ಒಂದೇ ಜೇಬಿನಲ್ಲಿದ್ದರೆ ಕೈಗೆ ಯಾವುದು ಸಿಕ್ಕಿತೋ ಅದೇ ಕೆಲಸಕ್ಕೆ. ಗಮನವೆಲ್ಲ ಸಸಿಯ ಮೇಲಿರುವಾಗ ಕೈ ನೋಡಿ ಆರಿಸುವುದಿಲ್ಲ, ತಡವಿ ಆರಿಸುತ್ತದೆ. ಆದ್ದರಿಂದ ಸುಲಭವಾಗಿ ಕೈಗೆ ಸಿಗುವ ಜಾಗವನ್ನು ಎರಡನೇ ಚಾಕುವಿಗೆ ಕೊಡಿ, ಬಲಗೈಯವರಾದರೆ ಪ್ಯಾಂಟಿನ ಬಲ ಮುಂಜೇಬು. ಕಸಿ ಚಾಕು ಎಡಗಡೆ, ಅದಕ್ಕೇ ಮೀಸಲಾದ ಬಟ್ಟೆಯ ಒರೆಯಲ್ಲಿ, ಅಲಗು ಒರೆಸುವ ಸ್ಪಿರಿಟ್ ಬಾಟಲಿಯ ಪಕ್ಕ. ಮುಖ್ಯವಾದದ್ದನ್ನು ದೂರ ಇಡುವುದು ಮೊದಲಿಗೆ ತಲೆಕೆಳಗಾಗಿ ಕಾಣಬಹುದು. ಆದರೆ ಕಸಿ ಚಾಕುವನ್ನು ಬೇಕೆಂದೇ ತೆಗೆಯುತ್ತೇವೆ, ಕೂತು ತೆಗೆಯುತ್ತೇವೆ. ಯೋಚಿಸದೆ ತೆಗೆಯುವುದು ಎರಡನೆಯದನ್ನು. ಎರಡರ ಹಿಡಿಯ ಆಕಾರವೂ ಬೇರೆ ಇರಲಿ, ಒಂದು ದುಂಡು, ಒಂದು ಚಪ್ಪಟೆ. ಬೆರಳಿಗೇ ಗೊತ್ತಾಗಬೇಕು.

ಹಿಂದಿನ ಜೇಬು ಬೇಡ. ಗಾಡಿ ಮೇಲೆ ಕೂತು ಏಳುವಾಗ ಚಾಕು ಜಾರುತ್ತದೆ, ನಾವು ಬಿದ್ದರೆ ಹಿಡಿ ಸೊಂಟಕ್ಕೆ ಒತ್ತಿ ಪೆಟ್ಟಾಗುತ್ತದೆ. ಪಂಚೆ, ಸೀರೆ ಉಟ್ಟು ಕೆಲಸ ಮಾಡುವವರಿಗೆ ಸೊಂಟದಲ್ಲಿ ಸಿಕ್ಕಿಸುವ ಚಿಕ್ಕ ಸಂಚಿಯೇ ಅನುಕೂಲ. ಚಾಕುವಿನ ತೂತಿಗೆ ಒಂದು ಮೊಳ ಹುರಿ ಕಟ್ಟಿ ಸಂಚಿಗೆ ಗಂಟು ಹಾಕಿ. ಕೊರಳಿಗೆ ಮಾತ್ರ ನೇತುಹಾಕಬೇಡಿ, ಬಗ್ಗಿ ಕೊಂಬೆ ಎಳೆಯುವ ಕೆಲಸದಲ್ಲಿ ಹುರಿ ಸಿಕ್ಕಿಕೊಳ್ಳುತ್ತದೆ.

ಕಾನೂನಿನ ಭಯ ಹಲವರಿಗಿದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಆಯುಧಗಳನ್ನು. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದವಕ್ಕೆ ಅಲ್ಲಿ ವಿನಾಯಿತಿ ಇದೆ. 8 ಸೆಂ.ಮೀ. ಅಲಗು ಆ ಅಳತೆಗೆ ಎಲ್ಲೂ ಹತ್ತಿರವಿಲ್ಲ. ಹಾಗೆಂದು ಎಲ್ಲ ಕಡೆ ಒಯ್ಯಬಹುದು ಎಂದಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ, ಅಂದರೆ ಹಿಂದಿನ 144, ಜಾರಿಯಾದಾಗ ಆದೇಶದಲ್ಲಿ ಹರಿತವಾದ ವಸ್ತುಗಳನ್ನು ಒಯ್ಯುವುದಕ್ಕೂ ತಡೆ ಇರಬಹುದು, ಓದಿ ನೋಡಿ. ಕೋರ್ಟು, ಮೆಟ್ರೋ ತಪಾಸಣೆಗೆ ಚಾಕು ಹಿಡಿದು ಹೋಗಬೇಡಿ. ದೇವನಹಳ್ಳಿಯಿಂದ ವಿಮಾನ ಹತ್ತುವವರು ಕೈಚೀಲದಲ್ಲಿಡದೆ ಚೆಕ್-ಇನ್ ಲಗೇಜಿಗೆ ಹಾಕಿ. ತೋಟದಿಂದ ಬಸ್ಸಿನಲ್ಲಿ ಊರಿಗೆ ಹೋಗುವಾಗ ಮಡಚಿ, ಚೀಲದೊಳಗೆ ಕಸಿಯ ಪಟ್ಟಿ, ಸಿಕೇಚರ್ (ಕೊಂಬೆ ಸವರುವ ಕತ್ತರಿ) ಜೊತೆಗೆ ಇಡಿ. ಗುಂಡಿ ಒತ್ತಿದರೆ ಚಿಮ್ಮುವ ಚಾಕು ತೋಟದ ಯಾವ ಕೆಲಸಕ್ಕೂ ಬೇಡ.

ಸಾಣೆ, ಎಣ್ಣೆ

ಎರಡನೆಯದಕ್ಕೆ ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಸಾಣೆಕಲ್ಲು ಸಾಕು. ಎರಡೂ ಬದಿಗೆ 20 ಡಿಗ್ರಿಯ ಆಸುಪಾಸು ಓರೆ ಹಿಡಿದು ಉಜ್ಜಿ. ಚಕ್ರದ ಸಾಣೆಗೆ ಕೊಡುವುದಾದರೆ ಪಕ್ಕದಲ್ಲೇ ನಿಂತು ನೀರು ಹಾಕಿಸಿ. ಅಲಗಿನ ಬಾಯಿ ನೀಲಿಗೆ ತಿರುಗಿತೆಂದರೆ ಶಾಖಕ್ಕೆ ಉಕ್ಕಿನ ಹದ ಹೋಗಿದೆ, ಆ ಭಾಗ ಇನ್ನು ಹರಿತ ನಿಲ್ಲಿಸದು. ಕಸಿ ಚಾಕುವನ್ನು ಚಕ್ರಕ್ಕೆ ಎಂದೂ ಕೊಡಬೇಡಿ. ಅದು ನುಣುಪು ಕಲ್ಲು ಮತ್ತು ಚರ್ಮದ ಪಟ್ಟಿಯ ಮೇಲೆ ನಿಮ್ಮ ಕೈಯಲ್ಲೇ ಆಗಬೇಕು, ಚಪ್ಪಟೆ ಬದಿ ಕಲ್ಲಿಗೆ ಪೂರ್ತಿ ಒರಗಿರಬೇಕು.

ಹಲಸು ಕೊಯ್ಯುವ ಮುನ್ನ ಅಲಗಿಗೂ ಕೈಗೂ ಕೊಬ್ಬರಿ ಎಣ್ಣೆ ಸವರುವುದು ಎಲ್ಲರಿಗೂ ಗೊತ್ತು, ಮೇಣ ಅಂಟುವುದಿಲ್ಲ. ಚಾಕು ಮಡಚುವ ಕೀಲಿಗೆ ಮಾತ್ರ ಆ ಎಣ್ಣೆ ಬೇಡ. ಚಳಿಗೆ ಹೆಪ್ಪುಗಟ್ಟುತ್ತದೆ, ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟು, ಹತ್ತು ಸಲ ಮಡಚಿ ಬಿಚ್ಚಿ, ಹೆಚ್ಚಿನದನ್ನು ಒರೆಸಿ. ಕಸಿ ಮುಗಿದ ಮೇಲೆ ಚಾಕುಗಳನ್ನು ಚರ್ಮದ ಒರೆಯಲ್ಲಿ ಬಿಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿಡಿ. ಮುಂದಿನ ಮುಂಗಾರಿಗೆ ತೆಗೆದಾಗ ಕಸಿ ಚಾಕುವಿನ ಅಲಗಿನ ಮೇಲಿನ ಎಣ್ಣೆಯನ್ನು ಸ್ಪಿರಿಟ್‌ನಿಂದ ಪೂರ್ತಿ ಒರೆಸಿಯೇ ಮೊದಲ ಕಡ್ಡಿ ಹೆರೆಯಿರಿ.