ಆರ್ಬಿಟ್ರೇಶನ್ ಅಂದ್ರೆ ರಾಜಿಯಲ್ಲ

ಚಳ್ಳಕೆರೆಯ ಶೇಂಗಾ ಮಿಲ್ಲಿನ ಯಜಮಾನರೊಬ್ಬರು ದಾವಣಗೆರೆಯ ನನ್ನ ಆಫೀಸಿಗೆ ಬಂದು, ಜಕಾರ್ತಾದ ಗಿರಾಕಿ ಕಳಿಸಿದ್ದ ಕರಾರುಪತ್ರವನ್ನು ಮೇಜಿನ ಮೇಲೆ ಹರಡಿದರು. ರೇಟು, ತೂಕ, ಕಾಳಿನ ಗಾತ್ರ, ಹಡಗಿಗೆ ಹಾಕಬೇಕಾದ ದಿನ, ಎಲ್ಲವನ್ನೂ ಎರಡೆರಡು ಸಲ ಓದಿಕೊಂಡೇ ಬಂದಿದ್ದರು. ಬೆರಳು ಬಂದು ನಿಂತದ್ದು ಕೊನೆಯ ಪುಟದ ನಾಲ್ಕು ಸಾಲಿನ ಮೇಲೆ.

“ಸಾರ್, ಇಲ್ಲಿ ಆರ್ಬಿಟ್ರೇಶನ್, ಸಿಂಗಪುರ ಅಂತ ಐತೆ. ಜಗಳ ಬಂದ್ರೆ ಅಲ್ಲಿ ಕೂರಿಸಿ ರಾಜಿ ಮಾಡಿಸ್ತಾರೆ, ಅಷ್ಟೇ ಅಲ್ವಾ? ಸರಿಬರಲಿಲ್ಲ ಅಂದ್ರೆ ಎದ್ದು ಬಂದ್ರಾಯ್ತು.”

ಎದ್ದು ಬರಲು ಆಗುವುದಿಲ್ಲ. ಈ ಪದದಲ್ಲಿ ಮೊದಲು ತಿಳಿಯಬೇಕಾದದ್ದೇ ಅದು.

ಯಜಮಾನರ ತಪ್ಪೇನಿಲ್ಲ. ಕನ್ನಡದಲ್ಲಿ ‘ಮಧ್ಯಸ್ಥಿಕೆ’ ಎಂಬ ಒಂದೇ ಪದದ ಹೆಗಲ ಮೇಲೆ ಎರಡು ಮೂಟೆ ಹೊರಿಸಿದ್ದೇವೆ. ನ್ಯಾಯಾಲಯಗಳ ‘ಮಧ್ಯಸ್ಥಿಕೆ ಕೇಂದ್ರ’ದಲ್ಲಿ ನಡೆಯುವುದು ಮೀಡಿಯೇಶನ್. ಗಂಡ ಹೆಂಡತಿಯನ್ನೋ ಪಾಲಿಗೆ ನಿಂತ ಅಣ್ಣ ತಮ್ಮಂದಿರನ್ನೋ ಎದುರು ಬದುರು ಕೂರಿಸಿ ಮಾತಾಡಿಸುತ್ತಾರೆ; ಒಪ್ಪಿದರೆ ಸಹಿ, ಒಪ್ಪದಿದ್ದರೆ ಕೇಸು ಮತ್ತೆ ಕೋರ್ಟಿಗೆ. ಆರ್ಬಿಟ್ರೇಶನ್ ಬಗ್ಗೆ ಇರುವ 1996ರ ಕಾಯ್ದೆಯ ಹೆಸರು ಕನ್ನಡಕ್ಕೆ ಬರುವಾಗಲೂ ಅದೇ ‘ಮಧ್ಯಸ್ಥಿಕೆ’. ಆದರೆ ಇಲ್ಲಿ ಮಧ್ಯಸ್ಥ ರಾಜಿ ಮಾಡಿಸುವವನಲ್ಲ, ತೀರ್ಪು ಕೊಡುವವನು. ನೀವು ಒಪ್ಪಿದಿರೋ ಬಿಟ್ಟಿರೋ, ಆ ತೀರ್ಪು ನಿಮ್ಮ ಮೇಲೆ ನಡೆಯುತ್ತದೆ.

ಆ ತೀರ್ಪಿಗೆ ಮಾತ್ರ ಕನ್ನಡದಲ್ಲಿ ಒಳ್ಳೆಯ ಹೆಸರಿದೆ: ಐತೀರ್ಪು. ಕಾವೇರಿ, ಕೃಷ್ಣಾ ನ್ಯಾಯಮಂಡಳಿಗಳ ಸುದ್ದಿಯಲ್ಲಿ ಈ ಪದವನ್ನು ಪತ್ರಿಕೆ ಓದುವ ಎಲ್ಲರೂ ಕಂಡಿದ್ದಾರೆ. ಆ ‘ಐ’ಯಲ್ಲಿ ನನಗೆ ಕೇಳಿಸುವುದು ಕಟ್ಟೆಯ ಮೇಲೆ ಕೂತ ಪಂಚರ ದನಿ. ಹಾಗಾಗಿ ಆರ್ಬಿಟ್ರೇಟರನ್ನು ‘ಪಂಚ’ ಎಂದೇ ಕರೆಯುತ್ತೇನೆ.

ನಮ್ಮ ಸೀಮೆಯವರಿಗೆ ಇದು ತೀರಾ ಹೊಸದೂ ಅಲ್ಲ. ಸಿರಿಗೆರೆಯ ತರಳಬಾಳು ಮಠದಲ್ಲಿ ಸೋಮವಾರ ಸದ್ಧರ್ಮ ನ್ಯಾಯಪೀಠ ನಡೆಯುತ್ತದೆ. ಹೊಲದ ಬದುವಿನ ತಕರಾರು, ಸಾಲದ ತಕರಾರು ಹೊತ್ತು ಜನ ತಾವಾಗಿ ಅಲ್ಲಿಗೆ ಹೋಗುತ್ತಾರೆ. ‘ಇವರು ಹೇಳಿದ್ದಕ್ಕೆ ಇಬ್ಬರೂ ಬದ್ಧ’ ಎಂಬ ಒಪ್ಪಿಗೆಯಿಂದಲೇ ಅಂಥ ಪೀಠಕ್ಕೆ ಬಲ. ಆರ್ಬಿಟ್ರೇಶನ್ನಿನ ಬೇರೂ ಅದೇ ಒಪ್ಪಿಗೆ. ವ್ಯತ್ಯಾಸವೆಂದರೆ, ಸಿರಿಗೆರೆಯಲ್ಲಿ ಮಾತು ಉಳಿಯುವುದು ಪೀಠದ ಮೇಲಿನ ಗೌರವದಿಂದ. ಸಿಂಗಪುರದ ಪಂಚನ ಮಾತಿನ ಹಿಂದೆ ನಿಂತಿರುವುದು ನೂರೆಪ್ಪತ್ತಕ್ಕೂ ಹೆಚ್ಚು ದೇಶಗಳು ಒಪ್ಪಿದ ಒಡಂಬಡಿಕೆ.

1958ರಲ್ಲಿ ನ್ಯೂಯಾರ್ಕಿನಲ್ಲಿ ಆದ ಒಡಂಬಡಿಕೆ ಅದು. ಭಾರತ 1960ರಲ್ಲಿ ಅನುಮೋದಿಸಿತು. ಅದರ ತಿರುಳು ಇಷ್ಟು: ಒಂದು ದೇಶದಲ್ಲಿ ಕೊಟ್ಟ ಐತೀರ್ಪನ್ನು ಇನ್ನೊಂದು ದೇಶದ ಕೋರ್ಟು, ಜಗಳದ ಒಳಹೊಕ್ಕು ಮೊದಲಿನಿಂದ ವಿಚಾರಣೆ ಮಾಡದೆ, ಜಾರಿ ಮಾಡಬೇಕು. ಇದರ ಬೆಲೆ ಗೊತ್ತಾಗುವುದು ಕೋರ್ಟಿನ ಡಿಕ್ರಿಯ ಪಕ್ಕದಲ್ಲಿ ಇಟ್ಟು ನೋಡಿದಾಗ. ಗಿರಾಕಿ ದುಡ್ಡು ಕೊಡಲಿಲ್ಲವೆಂದು ನಮ್ಮ ಯಜಮಾನರು ಇಲ್ಲೇ ದಾವೆ ಹೂಡಿ ಗೆದ್ದರೆನ್ನಿ. ಆ ಡಿಕ್ರಿ ಹಿಡಿದು ಜಕಾರ್ತಾಕ್ಕೆ ಹೋದರೆ ಬಾಗಿಲು ತೆರೆಯುವುದಿಲ್ಲ. ಇಂಡೋನೇಷ್ಯಾ ಪರದೇಶದ ಕೋರ್ಟಿನ ತೀರ್ಪನ್ನು ಜಾರಿ ಮಾಡುವುದೇ ಇಲ್ಲ. ಅದೇ ಸಿಂಗಪುರದ ಐತೀರ್ಪಾದರೆ ಮಧ್ಯ ಜಕಾರ್ತಾದ ಜಿಲ್ಲಾ ನ್ಯಾಯಾಲಯದಲ್ಲಿ ನೋಂದಾಯಿಸಿ ವಸೂಲಿಗೆ ಇಳಿಯಬಹುದು.

ಇನ್ನು ಆ ನಾಲ್ಕು ಸಾಲಿನಲ್ಲಿದ್ದ ‘ಸಿಂಗಪುರ’. ಅದಕ್ಕೆ ಆರ್ಬಿಟ್ರೇಶನ್ನಿನ ‘ಸೀಟ್’ ಎನ್ನುತ್ತಾರೆ. ದಾವಣಗೆರೆಯಲ್ಲಿ ಸೀಟು ಎಂದರೆ ಮೆಡಿಕಲ್ ಸೀಟು, ಬಿಟ್ಟರೆ ಬಸ್ಸಿನ ಸೀಟು. ಆರ್ಬಿಟ್ರೇಶನ್ನಿನ ಸೀಟ್ ಕಣ್ಣಿಗೆ ಕಾಣುವ ಜಾಗವಲ್ಲ. ಈ ವ್ಯಾಜ್ಯದ ನಡಾವಳಿ ಯಾವ ದೇಶದ ಕಾನೂನಿನ ನೆರಳಲ್ಲಿ ಕೂತಿದೆ ಎಂಬುದಕ್ಕೆ ಆ ಹೆಸರು. ಸೀಟ್ ಸಿಂಗಪುರವಿದ್ದರೂ ಸಾಕ್ಷಿ ವಿಚಾರಣೆ ಬೆಂಗಳೂರಿನ ಹೋಟೆಲೊಂದರಲ್ಲಿ ನಡೆಯಬಹುದು, ವಿಡಿಯೊದಲ್ಲೂ ನಡೆಯಬಹುದು. ಆದರೆ ಐತೀರ್ಪನ್ನು ರದ್ದು ಮಾಡಿ ಎಂದು ಕೇಳಬೇಕಾದರೆ ಸಿಂಗಪುರದ ಕೋರ್ಟನ್ನೇ ಕೇಳಬೇಕು. ಮೊದಲು ನಮ್ಮಲ್ಲಿ ಇದು ಗೋಜಲಾಗಿತ್ತು. 2002ರ ಒಂದು ತೀರ್ಪಿನಿಂದಾಗಿ ಹೊರದೇಶದ ಆರ್ಬಿಟ್ರೇಶನ್ನಿಗೂ ಇಲ್ಲಿನ ಕೋರ್ಟುಗಳು ಕೈಹಾಕುತ್ತಿದ್ದವು. 2012ರ ಬಾಲ್ಕೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು.

ಕರಾರಿನಲ್ಲಿ ರೇಟಿಗೆ ಮೂರು ದಿನ ಚೌಕಾಸಿ ಮಾಡುವವರು ಸೀಟಿಗೆ ಮೂರು ನಿಮಿಷವೂ ಕೊಡುವುದಿಲ್ಲ. ನನಗೆ ಇದು ಅರ್ಥವಾಗದ ಸಂಗತಿ.

ಪಂಚರು ಯಾರು? ಒಬ್ಬರಿರಬಹುದು, ಮೂವರಿರಬಹುದು. ಮೂವರಾದರೆ ಸಾಮಾನ್ಯವಾಗಿ ಆ ಕಡೆಯವರು ಒಬ್ಬರನ್ನು, ಈ ಕಡೆಯವರು ಒಬ್ಬರನ್ನು ಹೆಸರಿಸುತ್ತಾರೆ, ಮೂರನೆಯವರು ಮುಖ್ಯಸ್ಥರು. ನಮ್ಮ ಕಾಯ್ದೆ ಸಮಸಂಖ್ಯೆಯನ್ನು ಒಪ್ಪುವುದಿಲ್ಲ, ಸಮ ಸಮ ಬಿದ್ದರೆ ತೀರ್ಪೆಲ್ಲಿಂದ ಬರಬೇಕು! ಇವರು ವಕೀಲರೇ ಆಗಬೇಕೆಂದಿಲ್ಲ. ಎಣ್ಣೆಕಾಳು, ಎಣ್ಣೆ ವ್ಯಾಪಾರಕ್ಕೆ ಲಂಡನ್ನಿನಲ್ಲಿ ಫಾಸ್ಫಾ ಎಂಬ ವರ್ತಕರ ಒಕ್ಕೂಟವಿದೆ. ಅದರ ಮಾದರಿ ಕರಾರುಗಳಲ್ಲಿ ಅದರದೇ ಆರ್ಬಿಟ್ರೇಶನ್, ಪಂಚರೂ ವ್ಯಾಪಾರ ಬಲ್ಲವರೇ. ಮಂಡಿಪೇಟೆಯಲ್ಲಿ ಹಳೆಯ ವರ್ತಕರನ್ನು ಕರೆಸಿ, ಕಾಳು ಅಂಗೈಗೆ ಹಾಕಿ, ‘ನೀವೇ ಹೇಳಿ’ ಎನ್ನುವ ರೂಢಿಯ ದೊಡ್ಡ ರೂಪ ಅದು.

ಶೇಂಗಾದಲ್ಲಿ ಇಂಥವರು ಬೇಕಾಗುವುದು ಅಫ್ಲಾಟಾಕ್ಸಿನ್ ಜಗಳಕ್ಕೆ. ಬೂಷ್ಟಿನಿಂದ ಬರುವ ಈ ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಕಾಳಿನಲ್ಲಿ ಕೂತಿರುತ್ತದೆ. ಇಲ್ಲಿನ ಲ್ಯಾಬು ಪಾಸು ಮಾಡಿದ ಲಾಟನ್ನೇ ಅಲ್ಲಿನ ಲ್ಯಾಬು ಫೇಲು ಮಾಡಬಹುದು, ಇಬ್ಬರೂ ಸುಳ್ಳು ಹೇಳಿರುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಂತೂ ನೇರವಾಗಿ ತಿನ್ನುವ ಶೇಂಗಾಕ್ಕೆ ಮಿತಿ ಕಿಲೋಗೆ ಬರೀ 4 ಮೈಕ್ರೋಗ್ರಾಂ. ಸ್ಯಾಂಪಲ್ ಯಾರು ತೆಗೆದರು, ಎಲ್ಲಿ ತೆಗೆದರು, ಯಾವ ವರದಿ ಕೊನೆಯದು ಎಂಬುದರ ಮೇಲೇ ಇಡೀ ಕೇಸು ನಿಂತಿರುತ್ತದೆ.

ಖರ್ಚಿನ ಮಾತನ್ನೂ ಮುಚ್ಚಿಡಬಾರದು. ಒಂದು ಕಂಟೇನರಿನ ಜಗಳಕ್ಕೆ ಮೂವರು ಪಂಚರೆಂದರೆ ಮೂಗಿಗಿಂತ ಮೂಗುತಿ ಭಾರ. ಸಿಂಗಪುರದ ಎಸ್‌ಐಎಸಿ ಎಂಬ ಆರ್ಬಿಟ್ರೇಶನ್ ಕೇಂದ್ರ ತನ್ನ 2025ರ ನಿಯಮಗಳಲ್ಲಿ, 10 ಲಕ್ಷ ಸಿಂಗಪುರ ಡಾಲರ್ ಒಳಗಿನ ವ್ಯಾಜ್ಯಗಳಿಗೆ ಒಬ್ಬರೇ ಪಂಚರು, ನೇಮಕವಾದ 3 ತಿಂಗಳಲ್ಲಿ ಐತೀರ್ಪು ಎಂಬ ಕಿರುದಾರಿ ತೆರೆದಿದೆ.

ಗಿರಾಕಿಯೇ ಗೆದ್ದರೆ? ಅವನು ಐತೀರ್ಪು ಹಿಡಿದು ಬೆಂಗಳೂರಿನ ಹೈಕೋರ್ಟಿಗೆ ಬರುತ್ತಾನೆ. ಅಲ್ಲಿ ನಾವು ಅಡ್ಡ ನಿಲ್ಲಲು ಇರುವ ಕಾರಣಗಳು ಕೆಲವೇ: ಆರ್ಬಿಟ್ರೇಶನ್ನಿಗೆ ಒಪ್ಪಿದ ಕರಾರೇ ಊರ್ಜಿತವಲ್ಲ, ನೋಟಿಸು ಸರಿಯಾಗಿ ಬರಲಿಲ್ಲ, ಒಪ್ಪಿಸದ ವಿಷಯಕ್ಕೆ ತೀರ್ಪು ಕೊಟ್ಟರು, ದೇಶದ ಸಾರ್ವಜನಿಕ ನೀತಿಗೆ ವಿರುದ್ಧ, ಹೀಗೆ. ‘ಪಂಚರು ಲೆಕ್ಕ ತಪ್ಪಿದರು’ ಎಂಬುದು ಆ ಪಟ್ಟಿಯಲ್ಲಿಲ್ಲ. ‘ನಾವು ಹೋಗಲೇ ಇಲ್ಲ’ ಎಂಬುದೂ ಇಲ್ಲ. ನೋಟಿಸು ಬಂದಾಗ ‘ಸಿಂಗಪುರದೋರು ಇಲ್ಲಿಗೆ ಬಂದು ಏನ್ ಕಿತ್ಕಂತಾರೆ’ ಎಂದು ಸುಮ್ಮನಿದ್ದವರ ಮೇಲೆ ಏಕಪಕ್ಷೀಯ ಐತೀರ್ಪು ಬೀಳುತ್ತದೆ.

ಇಷ್ಟು ಕೇಳಿದ ಯಜಮಾನರು ಪಂಚರನ್ನು ಮೂರರಿಂದ ಒಂದಕ್ಕೆ ಇಳಿಸಲು, ವಿಚಾರಣೆ ವಿಡಿಯೊದಲ್ಲಿ ಎಂದು ಸೇರಿಸಲು ಹೇಳಿದರು. ಎದ್ದು ಬಾಗಿಲ ತನಕ ಹೋದವರು ತಿರುಗಿ ಬಂದು ಮೊದಲ ಪುಟ ತೆಗೆದರು.

“ನೋಟಿಸು ಬರೋದು ಈ ಇಮೇಲಿಗಾ ಸಾರ್?”

“ಹೌದು.”

“ಇದು ನಮ್ಮ ಹಳೇ ಗುಮಾಸ್ತಂದು. ಅವನು ಬಿಟ್ಟು ಹೋಗಿ ಎರಡು ವರ್ಷ ಆತು. ತೆಗೀರಿ, ನಂದು ಹಾಕಿ.”