ರಿಪೋರ್ಟ್ ನಾರ್ಮಲ್, ನಿದ್ದೆ ಮಾತ್ರ ಇಲ್ಲ

ಕುರ್ಚಿಯಲ್ಲಿ ಕೂರುವ ಮೊದಲೇ ಅಣ್ಣ ದೊಡ್ಡ ಲಕೋಟೆಯೊಂದನ್ನು ನನ್ನ ಮೇಜಿನ ಮೇಲಿಟ್ಟರು. "ಎಂಆರ್‌ಐ ಮಾಡಿಸಿಯೇ ಬಂದಿದೀವಿ ಡಾಕ್ಟ್ರೇ. ಏನೂ ಇಲ್ಲ ಅಂತ ಬರೆದಿದಾರೆ. ಅದನ್ನೇ ಇವನಿಗೆ ಹೇಳ್ತಾ ಇದೀನಿ, ತಲೇಲಿ ಏನೂ ಇಲ್ಲ ಕಣೋ, ಸುಮ್ನೆ ಮನಸ್ಸಿಗೆ ಹಚ್ಕೊಂಡಿದೀಯ ಅಂತ." ಪಕ್ಕದಲ್ಲಿದ್ದ ತಮ್ಮ ನೆಲ ನೋಡುತ್ತಾ ಕೂತಿದ್ದರು. ನಾಲ್ಕು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರ. ಬಾಯಿಗೆ ರುಚಿ ಇಲ್ಲ. ಮಗಳ ಜೊತೆ ಎರಡು ಮಾತಾಡುವುದೂ ಭಾರ. ರಿಪೋರ್ಟಿನ ಕೊನೆಯ ಸಾಲು ಅವರ ಪಾಲಿಗೆ ತೀರ್ಪಾಗಿಬಿಟ್ಟಿತ್ತು: ಕಾಯಿಲೆ ಇಲ್ಲ, ಆದ್ದರಿಂದ ತಪ್ಪು ನಿನ್ನದೇ.

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಲಕೋಟೆ ಮಾತ್ರ ನಿಜ.)

ಇದಕ್ಕೆ ತದ್ವಿರುದ್ಧವಾದ ಕೋರಿಕೆಯೂ ಬರುತ್ತದೆ. ಫೋನ್ ತೆರೆದು ಎರಡು ಮಿದುಳುಗಳ ಚಿತ್ರ ತೋರಿಸುತ್ತಾರೆ. ಒಂದು ಕೆಂಪು ಹಳದಿಯಾಗಿ ಬೆಳಗುತ್ತಿರುತ್ತದೆ, ಇನ್ನೊಂದು ನೀಲಿಗಟ್ಟಿ ಮಂಕಾಗಿರುತ್ತದೆ. "ನನ್ನದೂ ಹೀಗೇ ಆಗಿದೆಯಾ ನೋಡಬೇಕು, ಒಂದು ಸ್ಕ್ಯಾನ್ ಬರೆದುಕೊಡಿ." ಅಣ್ಣನಿಗೂ ಈ ಫೋನಿನವರಿಗೂ ನಂಬಿಕೆ ಒಂದೇ: ಖಿನ್ನತೆ ಅನ್ನುವುದು ಇದ್ದರೆ ಫಿಲ್ಮಿನಲ್ಲಿ ಕಾಣಲೇಬೇಕು. ಮೂರು ದಶಕಗಳ ಸಂಶೋಧನೆಯನ್ನು ನನ್ನ ಕೋಣೆಗೆ ಬೇಕಾದಷ್ಟಕ್ಕೆ ಇಳಿಸಿ ಹೇಳುವುದಾದರೆ, ಸಾವಿರಾರು ಜನರ ಸರಾಸರಿ ತೆಗೆದಾಗ ಏನೋ ಕಾಣುತ್ತದೆ. ಎದುರಿಗೆ ಕೂತ ಒಬ್ಬರ ತಲೆಯಲ್ಲಿ ಕಾಣುವುದಿಲ್ಲ.

ಆಸ್ಪತ್ರೆಯಲ್ಲಿ ಮಾಡುವ ಎಂಆರ್‌ಐ ಮಿದುಳಿನ ರಚನೆಯ ಚಿತ್ರ. ಗೆಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು, ಕುಗ್ಗಿದ ಭಾಗ, ಇಂಥವನ್ನು ಹುಡುಕಲು ಅದು ಬೇಕು. ಪತ್ರಿಕೆಗಳಲ್ಲಿ ಬಣ್ಣಬಣ್ಣವಾಗಿ ಅಚ್ಚಾಗುವುದು ಹೆಚ್ಚಾಗಿ ಎಫ್‌ಎಂಆರ್‌ಐ. ಯಂತ್ರ ಅದೇ, ಕೇಳುವ ಪ್ರಶ್ನೆ ಬೇರೆ. ಮಿದುಳಿನ ಒಂದು ಭಾಗ ಕೆಲಸಕ್ಕೆ ಬಿದ್ದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ, ಬೇಕಾದ್ದಕ್ಕಿಂತ ತುಸು ಹೆಚ್ಚೇ, ನುಗ್ಗಿ ಬರುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನೂ ಅದನ್ನು ಇಳಿಸಿಬಿಟ್ಟ ಹಿಮೋಗ್ಲೋಬಿನ್ನೂ ಕಾಂತಕ್ಷೇತ್ರದಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತವೆ ಎಂಬುದನ್ನು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತೋರಿಸಿದ್ದರು. ಆ ವ್ಯತ್ಯಾಸವನ್ನೇ ಹಿಡಿದು ಮಿದುಳಿನ ಚಟುವಟಿಕೆಯ ಜಾಡು ಹಿಡಿಯಬಹುದೆಂದು ಸೇಜಿ ಒಗಾವಾ 1990ರಲ್ಲಿ ಹೇಳಿದರು. ಇನ್ನೆರಡು ವರ್ಷದಲ್ಲಿ ಮನುಷ್ಯರ ಮೇಲಿನ ಮೊದಲ ಪ್ರಯೋಗಗಳು ಪ್ರಕಟವಾದವು.

ಹಾಗಾಗಿ ಯಂತ್ರ ನೋಡುತ್ತಿರುವುದು ರಕ್ತದ ಓಡಾಟವನ್ನು. ನರಕೋಶ ಮಿಡಿಯುವುದು ಮಿಲಿಸೆಕೆಂಡುಗಳ ಲೆಕ್ಕದಲ್ಲಿ, ರಕ್ತದ ಏರಿಕೆ ತುದಿ ಮುಟ್ಟುವುದು ಐದಾರು ಸೆಕೆಂಡು ತಡವಾಗಿ. ಚಿತ್ರದ ಒಂದೊಂದು ಚುಕ್ಕೆ ಎಂದರೆ ಎರಡು ಮೂರು ಮಿಲಿಮೀಟರಿನ ಒಂದು ಘನ, ಅದರೊಳಗೆ ಲಕ್ಷಾಂತರ ನರಕೋಶಗಳು. ಯಾವ ಬೀದಿಗೆ ಎಷ್ಟು ನೀರು ಹರಿಯಿತು ಎಂದು ಊರಾಚೆಯ ಟ್ಯಾಂಕಿನ ಬಳಿ ನಿಂತು ಅಳೆದು, ಮನೆಮನೆಯೊಳಗೆ ಏನು ಮಾತುಕತೆ ನಡೆಯಿತೆಂದು ಊಹಿಸಿದ ಹಾಗೆ.

ಬಣ್ಣಗಳ ಕಥೆ ಇನ್ನೂ ತಮಾಷೆ. ಅವು ಯಂತ್ರ ಕಂಡದ್ದಲ್ಲ, ಲೆಕ್ಕ ಮುಗಿದ ಮೇಲೆ ಹಚ್ಚಿದ್ದು. ಈ ಚುಕ್ಕೆಯಲ್ಲಿ ಕಂಡ ಏರುಪೇರು ಬರೀ ಆಕಸ್ಮಿಕ ಇರಲಾರದು ಎಂದು ಅಂಕಿಅಂಶ ಹೇಳಿದರೆ ಅಲ್ಲಿ ಕೆಂಪು ಬೀಳುತ್ತದೆ. ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಆಕಸ್ಮಿಕವಾಗಿಯೇ ಕೆಲವು ಪಾಸಾಗುತ್ತವೆ. ಇದನ್ನು ತೋರಿಸಲು ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದೊಳಗೆ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೊ ತೋರಿಸಿ, ಇವರಿಗೆ ಏನನ್ನಿಸುತ್ತಿರಬಹುದು ಎಂದು ಕೇಳಿದರು. ಸರಿಯಾದ ತಿದ್ದುಪಡಿ ಮಾಡದೆ ಲೆಕ್ಕ ಹಾಕಿದಾಗ ಮೀನಿನ ಮಿದುಳಿನಲ್ಲೂ ಕೆಂಪು ಚುಕ್ಕೆ ಹೊಳೆಯಿತು. 2009ರಲ್ಲಿ ಸಮ್ಮೇಳನವೊಂದರಲ್ಲಿ ಗೋಡೆಗೆ ಅಂಟಿಸಿದ ಆ ಪೋಸ್ಟರಿಗೆ 2012ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ) ಸಿಕ್ಕಿತು. ನಾನು ಕಿರಿಯ ವೈದ್ಯರಿಗೆ ಪಾಠ ಮಾಡುವಾಗ ಈ ಮೀನಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಮರೆತರೂ ಮೀನು ನೆನಪಿರುತ್ತದೆ.

ಈಗ ಒತ್ತಡದ ವಿಷಯ. ಕಿವಿಯ ನೇರಕ್ಕೆ, ಮಿದುಳಿನ ಒಳಮಗ್ಗುಲಲ್ಲಿ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ ಎರಡೂ ಕಡೆ ಇದೆ. ಹೊಸ ನೆನಪು ಕಟ್ಟುವುದು ಅದರ ಮುಖ್ಯ ಕೆಲಸ. ಒತ್ತಡದ ಹಾರ್ಮೋನುಗಳಿಗೆ ಅಂಟಿಕೊಳ್ಳಲು ಅಲ್ಲಿ ಜಾಗ ಇದೆ ಎಂದು ಬ್ರೂಸ್ ಮೆಕ್‌ಈವನ್ 1968ರಲ್ಲಿ ಇಲಿಗಳಲ್ಲಿ ತೋರಿಸಿದರು. ದೀರ್ಘಕಾಲದ ಒತ್ತಡದಲ್ಲಿ ಇಲಿಯ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಮೊಟಕಾಗುತ್ತವೆ ಎಂಬುದೂ ಮುಂದೆ ಗೊತ್ತಾಯಿತು. ಹಾಗಾದರೆ ಮನುಷ್ಯರಲ್ಲಿ? 1996ರಲ್ಲಿ ಇವೆಟ್ ಶೆಲೈನ್ ಅವರ ತಂಡ, ಖಿನ್ನತೆ ಬಂದು ಹೋಗಿದ್ದ ಹತ್ತು ಜನರನ್ನು ಅದೇ ವಯಸ್ಸಿನ ಆರೋಗ್ಯವಂತರ ಜೊತೆ ಹೋಲಿಸಿ, ಅವರ ಹಿಪೊಕ್ಯಾಂಪಸ್ ಸಣ್ಣದಾಗಿದೆ ಎಂದಿತು. ಅಲ್ಲಿಂದ 'ಒತ್ತಡ ಮಿದುಳನ್ನು ತಿನ್ನುತ್ತದೆ' ಎಂಬ ಮಾತು ಕಾಲು ಬಂದಂತೆ ಓಡಾಡಿತು.

ಆದರೆ ಕಾರಣ ಯಾವುದು, ಪರಿಣಾಮ ಯಾವುದು? 2002ರಲ್ಲಿ ಮಾರ್ಕ್ ಗಿಲ್ಬರ್ಟ್‌ಸನ್ ಮತ್ತಿತರರು ವಿಯೆಟ್ನಾಂ ಯುದ್ಧಕ್ಕೆ ಹೋಗಿ ಮಾನಸಿಕ ಆಘಾತದ ಕಾಯಿಲೆಯಿಂದ (ಪಿಟಿಎಸ್‌ಡಿ) ನರಳುತ್ತಿದ್ದವರನ್ನೂ ಮನೆಯಲ್ಲೇ ಉಳಿದಿದ್ದ ಅವರ ತದ್ರೂಪಿ ಅವಳಿಗಳನ್ನೂ ಸ್ಕ್ಯಾನ್ ಮಾಡಿದರು. ಯುದ್ಧ ಕಂಡವನ ಹಿಪೊಕ್ಯಾಂಪಸ್ ಸಣ್ಣದಿತ್ತು. ಯುದ್ಧವನ್ನೇ ಕಾಣದ ಅವಳಿಯದ್ದೂ ಸಣ್ಣದಿತ್ತು! ಹಾಗಿದ್ದರೆ ಅದು ಗಾಯದ ಗುರುತಲ್ಲದೆ, ಗಾಯವಾಗುವ ಮೊದಲೇ ಇದ್ದ ಸೂಕ್ಷ್ಮತೆಯೂ ಆಗಿರಬಹುದು. ನನಗೆ ಈ ಒಂದು ಅಧ್ಯಯನ ಹತ್ತಾರು ಬಣ್ಣದ ಚಿತ್ರಗಳಿಗಿಂತ ಬೆಲೆಬಾಳುವಂಥದ್ದು.

ಗಾತ್ರದ ಪ್ರಶ್ನೆಗೆ ದೊಡ್ಡ ಉತ್ತರ ಬಂದದ್ದು ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಒಕ್ಕೂಟದಿಂದ. ಖಿನ್ನತೆಯಿದ್ದ 1,728 ಮತ್ತು ಇಲ್ಲದ 7,199 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ಅಧ್ಯಯನ ಅದು. ಹಿಪೊಕ್ಯಾಂಪಸ್ ಸಣ್ಣದು ಎಂಬುದು ನಿಜವೇ ಆಯಿತು. ಎಷ್ಟು ಸಣ್ಣದು? ಸರಾಸರಿ 1.24 ಶೇಕಡ. ಅದೂ ಮತ್ತೆ ಮತ್ತೆ ಖಿನ್ನತೆ ಮರುಕಳಿಸಿದವರಲ್ಲಿ, 21 ವಯಸ್ಸಿನೊಳಗೇ ಶುರುವಾದವರಲ್ಲಿ. ಮೊದಲ ಬಾರಿ ಖಿನ್ನತೆಗೆ ಬಿದ್ದವರಿಗೂ ಆರೋಗ್ಯವಂತರಿಗೂ ವ್ಯತ್ಯಾಸವೇ ಕಾಣಲಿಲ್ಲ. ನನ್ನ ಮುಂದೆ ಕೂತಿದ್ದ ತಮ್ಮನಿಗೆ ಬಂದದ್ದು ಮೊದಲ ಖಿನ್ನತೆ. ಒಂದೇಕಾಲು ಶೇಕಡ ಎಂದರೆ ಅದೇ ತಲೆಯನ್ನು ಇನ್ನೊಂದು ಯಂತ್ರದಲ್ಲಿ ಅಳೆದರೂ ಬರಬಹುದಾದ ಹೆಚ್ಚುಕಮ್ಮಿ. ರೇಡಿಯಾಲಜಿ ವೈದ್ಯರು ಅದನ್ನು ರಿಪೋರ್ಟಿನಲ್ಲಿ ಬರೆಯಲಿಲ್ಲ ಎಂದರೆ ಅವರ ಕಣ್ಣು ತಪ್ಪಿತು ಎಂದಲ್ಲ.

2022ರಲ್ಲಿ ಜರ್ಮನಿಯ ತಂಡವೊಂದು ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿತು. 861 ಖಿನ್ನತೆಯ ರೋಗಿಗಳು, 948 ಆರೋಗ್ಯವಂತರು. ಮಿದುಳಿನ ರಚನೆ, ವಿಶ್ರಾಂತಿಯಲ್ಲಿದ್ದಾಗಿನ ಚಟುವಟಿಕೆ, ಭಾಗಗಳ ನಡುವಿನ ನಂಟು, ಎಲ್ಲ ಬಗೆಯ ಅಳತೆ. ಯಾವುದಾದರೂ ಒಂದು ಅಳತೆ ಕೊಟ್ಟು ಇವರಲ್ಲಿ ರೋಗಿ ಯಾರು ಎಂದು ಕೇಳಿದರೆ ಸರಿಯುತ್ತರ ಬಂದದ್ದು 54ರಿಂದ 56 ಶೇಕಡ ಮಾತ್ರ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಎರಡು ಗುಂಪುಗಳ ಅಳತೆಗಳು 87ರಿಂದ 95 ಶೇಕಡದಷ್ಟು ಒಂದರ ಮೇಲೊಂದು ಬಿದ್ದಿದ್ದವು. ಫೋನಿನಲ್ಲಿ ಕೆಂಪು ಮಿದುಳು, ನೀಲಿ ಮಿದುಳು ತೋರಿಸುವವರಿಗೆ ನಾನು ಹೇಳುವುದು ಈ ಸಂಖ್ಯೆಗಳನ್ನೇ.

ಹಾಗೆಂದು ಈ ಸಂಶೋಧನೆಯೇ ದಂಡ ಎನ್ನುವವರ ಜೊತೆ ನಾನಿಲ್ಲ. ಒತ್ತಡದಲ್ಲಿ ಮಿದುಳು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತೋರಿಸಿದ ಒಳ್ಳೆಯ ಪ್ರಯೋಗಗಳಿವೆ. ಕೊಳವೆಯೊಳಗೆ ಅಲ್ಲಾಡದೆ ಮಲಗಿದವರಿಗೆ ಒತ್ತಡ ತರುವುದಾದರೂ ಹೇಗೆ? ಮಾಂಟ್ರಿಯಲ್‌ನಲ್ಲಿ ರೂಪಿಸಿದ ಒಂದು ವಿಧಾನದಲ್ಲಿ ಬಾಯಿಲೆಕ್ಕ ಕೊಡುತ್ತಾರೆ, ಗಡಿಯಾರ ಓಡುತ್ತಿರುತ್ತದೆ, ಚೆನ್ನಾಗಿ ಮಾಡಿದಷ್ಟೂ ಕಂಪ್ಯೂಟರ್ ಸಮಯ ಕಡಿತ ಮಾಡುತ್ತದೆ. ಸೋಲುವುದು ಖಚಿತ. ನಡುವೆ ಒಬ್ಬರು ಬಂದು "ಉಳಿದವರೆಲ್ಲ ನಿಮಗಿಂತ ಚೆನ್ನಾಗಿ ಮಾಡ್ತಿದಾರೆ" ಎಂದು ಬೇಸರದ ಮುಖ ಮಾಡಿ ಹೋಗುತ್ತಾರೆ. ಶಾಲೆಯ ಗಣಿತದ ಪೀರಿಯಡ್ಡು ನೆನಪಾದರೆ ಆಶ್ಚರ್ಯವಿಲ್ಲ.

ರೋಗಿಗಳಿಗೆ ನಾನು ಹೆಚ್ಚಾಗಿ ಹೇಳುವುದು ಕಾನರ್ ಲಿಸ್ಟನ್ ಅವರ 2009ರ ಅಧ್ಯಯನವನ್ನು. ದೊಡ್ಡ ಪರೀಕ್ಷೆಗೆ ಒಂದು ತಿಂಗಳಿಂದ ಓದುತ್ತಾ ಬಳಲಿದ್ದ ವೈದ್ಯಕೀಯ ವಿದ್ಯಾರ್ಥಿಗಳನ್ನು ಸ್ಕ್ಯಾನ್ ಮಾಡಿದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ಹೊರಳಿಸುವುದು ಅವರಿಗೆ ಕಷ್ಟವಾಗಿತ್ತು, ಹಣೆಯ ಹಿಂದಿನ ಮುಂಭಾಗದ ಮಿದುಳಿನ ನಂಟುಗಳು ಸಡಿಲವಾಗಿದ್ದವು. ಪರೀಕ್ಷೆ ಮುಗಿದು ಒಂದು ತಿಂಗಳು ಹಗುರಾದ ಮೇಲೆ ನೋಡಿದರೆ ಎಲ್ಲ ಮೊದಲಿನಂತಾಗಿತ್ತು. ಇದ್ದವರು ಇಪ್ಪತ್ತೇ ಜನ, ಎಲ್ಲರೂ ಆರೋಗ್ಯವಂತ ಎಳೆಯರು. ಅಷ್ಟರಿಂದ ಇಡೀ ಲೋಕಕ್ಕೆ ತೀರ್ಮಾನ ಹೇಳಲಾಗದು. ಆದರೂ 'ಒತ್ತಡದಿಂದ ಮಿದುಳು ಹಾಳಾಗಿಯೇ ಹೋಯಿತು' ಎಂದು ಕಂಗಾಲಾಗಿ ಬರುವವರ ಎದುರು ಈ ಕಥೆ ಕೆಲಸಕ್ಕೆ ಬರುತ್ತದೆ.

ಸಣ್ಣ ಗುಂಪು ಎಂಬುದು ಈ ಕ್ಷೇತ್ರದ ಹಳೆಯ ರೋಗ. ಮಿದುಳಿನ ಅಳತೆಗೂ ಸ್ವಭಾವ, ಮಾನಸಿಕ ಲಕ್ಷಣಗಳಿಗೂ ನಂಟು ಹುಡುಕಬೇಕಾದರೆ ಸಾವಿರಾರು ಜನ ಬೇಕು ಎಂದು ಸ್ಕಾಟ್ ಮಾರೆಕ್ ಮತ್ತಿತರರು 2022ರಲ್ಲಿ ಲೆಕ್ಕ ಕೊಟ್ಟರು. ಇನ್ನೊಂದು ಪ್ರಯೋಗದಲ್ಲಿ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು ವಿಶ್ಲೇಷಿಸಲು ಹೇಳಿದರು. ಅವುಗಳಲ್ಲಿ ಯಾವ ಎರಡು ತಂಡಗಳೂ ಒಂದೇ ದಾರಿ ಹಿಡಿಯಲಿಲ್ಲ, ಹಲವು ಪ್ರಶ್ನೆಗಳಿಗೆ ಉತ್ತರವೂ ಹೊಂದಲಿಲ್ಲ. ಕೊರಗುವ ಮನಸ್ಸಿಗೆ ಸಂಬಂಧಿಸಿದ್ದೆಂದು ಹೇಳುವ, ಸುಮ್ಮನೆ ಕೂತಾಗ ಚುರುಕಾಗುವ ಮಿದುಳಿನ ಜಾಲವೊಂದಿದೆ. ಖಿನ್ನತೆಯಲ್ಲಿ ಅದರೊಳಗಿನ ನಂಟು ಬಿಗಿಯಾಗುತ್ತದೆ ಎಂದು 2015ರ ವಿಶ್ಲೇಷಣೆ ಹೇಳಿತ್ತು. 1,300 ರೋಗಿಗಳಿದ್ದ ಚೀನಾದ 2019ರ ಅಧ್ಯಯನ, ಮರುಕಳಿಸಿದ ಖಿನ್ನತೆಯಲ್ಲಿ ಅದು ಸಡಿಲವಾಗುತ್ತದೆ ಎಂದಿತು. ಧ್ಯಾನ ಮಾಡಿದರೆ ಎಂಟು ವಾರದಲ್ಲಿ ಮಿದುಳಿನ ರಚನೆಯೇ ಬದಲಾಗುತ್ತದೆ ಎಂಬ ಜನಪ್ರಿಯ ಮಾತನ್ನೂ 2022ರಲ್ಲಿ 218 ಜನರ ಮೇಲೆ ಪರೀಕ್ಷಿಸಿ ನೋಡಿದರು. ರಚನೆ ಬದಲಾದ ಸುಳಿವು ಸಿಗಲಿಲ್ಲ. ಧ್ಯಾನದಿಂದ ನೆಮ್ಮದಿ ಸಿಗುತ್ತಿದ್ದರೆ ಅದಕ್ಕೆ ಸ್ಕ್ಯಾನಿನ ಸಹಿ ಏಕೆ ಬೇಕೋ ನನಗೆ ತಿಳಿಯದು.

ಚಿಕಿತ್ಸೆಗೆ ಇದರಿಂದ ಏನು ಬಂತು ಎಂದು ಕೇಳುವವರಿಗೆ ಹೆಲೆನ್ ಮೇಬರ್ಗ್ ಅವರ ಕೆಲಸ ಹೇಳಬೇಕು. ದುಃಖದಲ್ಲಿ ಚುರುಕಾಗಿ, ಖಿನ್ನತೆ ವಾಸಿಯಾದಾಗ ತಣ್ಣಗಾಗುವ, ಮಿದುಳಿನ ನಡುಗೆರೆಯ ಪಕ್ಕದ 'ಬ್ರಾಡ್‌ಮನ್ 25' ಎಂಬ ಜಾಗವನ್ನು ಅವರು ಸ್ಕ್ಯಾನ್‌ಗಳಿಂದ ಗುರುತಿಸಿದರು. ಯಾವ ಔಷಧಿಗೂ ಬಗ್ಗದ ಆರು ಜನರಿಗೆ ಅಲ್ಲಿಗೇ ತಂತಿ ಇಳಿಸಿ ಸಣ್ಣ ವಿದ್ಯುತ್ ಹರಿಸಿದಾಗ ನಾಲ್ವರು ಸುಧಾರಿಸಿದರು. ಅದು 2005. ಮುಂದೆ 90 ಜನರಲ್ಲಿ, ಅರ್ಧಕ್ಕೂ ಹೆಚ್ಚು ಜನರಿಗೆ ವಿದ್ಯುತ್ ಹರಿಸಿ ಉಳಿದವರಿಗೆ ಹರಿಸದೆ ಆರು ತಿಂಗಳು ನೋಡಿದರು. ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಎಲ್ಲರಿಗೂ ಹರಿಸಿ ಎರಡು ವರ್ಷ ಹಿಂಬಾಲಿಸಿದಾಗ ಸುಮಾರು ಅರ್ಧದಷ್ಟು ಜನ ಸುಧಾರಿಸಿದ್ದರು, ಆದರೆ ಹೋಲಿಸಿ ನೋಡಲು ಆಗ ಇನ್ನೊಂದು ಗುಂಪು ಉಳಿದಿರಲಿಲ್ಲ. ತಲೆಯ ಹೊರಗಿನಿಂದ ಕಾಂತೀಯ ಮಿಡಿತ ಕೊಡುವ ಟಿಎಂಎಸ್ ಚಿಕಿತ್ಸೆಯಲ್ಲೂ ಇಂಥದ್ದೇ ಏಳುಬೀಳು. ಪ್ರತಿಯೊಬ್ಬರ ಎಫ್‌ಎಂಆರ್‌ಐ ನೋಡಿ ಗುರಿ ಹಿಡಿದು, ದಿನಕ್ಕೆ ಹತ್ತು ಸಲದಂತೆ ಐದು ದಿನ ಮಿಡಿತ ಕೊಟ್ಟ ಸ್ಟ್ಯಾನ್‌ಫರ್ಡ್‌ನ 29 ಜನರ ಪ್ರಯೋಗದಲ್ಲಿ ಫಲ ಬೆರಗಾಗುವಷ್ಟಿತ್ತು. ಬ್ರಿಟನ್ನಿನಲ್ಲಿ 255 ಜನರ ಮೇಲೆ, ಬೇರೆ ವೇಳಾಪಟ್ಟಿಯಲ್ಲಿ, ಮಿದುಳಿನ ಭಾಗಗಳ ನಡುವಿನ ನಂಟನ್ನು ಸ್ಕ್ಯಾನಿನಲ್ಲಿ ನೋಡಿ ಗುರಿ ಹಿಡಿದು ಕೊಟ್ಟದ್ದನ್ನು ಸಾಧಾರಣ ಟಿಎಂಎಸ್ ಜೊತೆ ಹೋಲಿಸಿದಾಗ (2024) ಎರಡು ಗುಂಪೂ ಸುಧಾರಿಸಿದವು. ಒಂದು ಇನ್ನೊಂದಕ್ಕಿಂತ ಮೇಲಾಗಲಿಲ್ಲ.

'ಇದು ಮಿದುಳಿನ ಕಾಯಿಲೆ' ಎಂದು ಹೇಳಿಬಿಟ್ಟರೆ ಮನೆಯವರು ದೂರುವುದನ್ನು ನಿಲ್ಲಿಸುತ್ತಾರೆ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಅರ್ಧ ಸರಿ. ಇಂಥ ವಿವರಣೆಯಿಂದ ದೂರುವುದು ಕಡಿಮೆಯಾಗುತ್ತದೆ, ಆದರೆ 'ಇದು ಇನ್ನು ವಾಸಿಯಾಗುವುದಿಲ್ಲ' ಎಂಬ ನಿರಾಸೆ ಹೆಚ್ಚುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆ ತೋರಿಸಿದೆ. ನನ್ನ ಕೋಣೆಯಲ್ಲೂ ಅದನ್ನು ಕಂಡಿದ್ದೇನೆ. ಈಗ ಮಿದುಳಿನ ಮಾತನ್ನು ಅಳೆದು ಆಡುತ್ತೇನೆ.

ಸ್ಕ್ಯಾನ್ ನಾನೂ ಬರೆಯುತ್ತೇನೆ. ಜೀವನದಲ್ಲಿ ಎಂದೂ ಇಲ್ಲದ ಖಿನ್ನತೆ ಅರವತ್ತು ದಾಟಿದ ಮೇಲೆ ಬಂದರೆ, ಜೊತೆಗೆ ಮರೆವು, ಫಿಟ್ಸ್, ಕೈಕಾಲಿನ ಸೋಲು, ಹೊಸದಾಗಿ ಶುರುವಾದ ತೀವ್ರ ತಲೆನೋವು ಇದ್ದರೆ, ಸ್ವಭಾವವೇ ಬೇರೆಯಾಗಿದೆ ಎಂದು ಮನೆಯವರು ಹೇಳಿದರೆ. ಮುಂಭಾಗದ ಮಿದುಳಿನ ಗೆಡ್ಡೆಯೊಂದು ತಿಂಗಳುಗಟ್ಟಲೆ ಖಿನ್ನತೆಯ ವೇಷದಲ್ಲಿ ಅಡಗಿರಬಲ್ಲದು. ಉಳಿದವರಿಗೆ ಮೊದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿದರೆ ಹೆಚ್ಚು ಪ್ರಯೋಜನ. ಖಿನ್ನತೆಯನ್ನು ಗುರುತಿಸುವುದು ಮಾತ್ರ ಇವತ್ತಿಗೂ ಮಾತಿನಿಂದಲೇ: ಎರಡು ವಾರಕ್ಕೂ ಮೀರಿದ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ, ಹಸಿವು, ದಣಿವು, ತನ್ನ ಬಗ್ಗೆಯೇ ಜಿಗುಪ್ಸೆ, ಬದುಕು ಸಾಕು ಅನ್ನಿಸುತ್ತಿದೆಯೇ ಎಂಬ ನೇರ ಪ್ರಶ್ನೆ.

ಆ ಕೊನೆಯ ಪ್ರಶ್ನೆಯನ್ನು ತಮ್ಮನಿಗೆ ಕೇಳಿದಾಗ ಅವರು ಮೊದಲ ಬಾರಿ ತಲೆ ಎತ್ತಿದರು. ಉತ್ತರ ಬರಲು ಸ್ವಲ್ಪ ಹೊತ್ತಾಯಿತು. ಅಣ್ಣನಿಗೆ ಅದು ಗೊತ್ತೇ ಇರಲಿಲ್ಲ. ಆಮೇಲೆ ಅವರು ತಮ್ಮನನ್ನು ಒಂದು ಮಾತೂ ಅನ್ನಲಿಲ್ಲ, ಔಷಧಿ ಚೀಟಿಯನ್ನು ಎರಡೆರಡು ಸಲ ಓದಿಸಿಕೊಂಡರು. ಏಳುವಾಗ ಲಕೋಟೆಯ ನೆನಪಾಯಿತು.

"ಹಾಗಾದ್ರೆ ಇದನ್ನೇನು ಮಾಡೋದು ಡಾಕ್ಟ್ರೇ?"

"ಇಟ್ಕೊಂಡಿರಿ. ಗೆಡ್ಡೆ ಗಿಡ್ಡೆ ಇಲ್ಲ ಅನ್ನೋದಕ್ಕೆ ದಾಖಲೆ ಆಯ್ತು. ಮುಂದಿನ ವಾರ ಬರುವಾಗ ತರೋದು ಬೇಡ."